ಅವ್ವನ ಮೊಣಕಾಲು ನೋವು

ನಿನ್ನೆ ಸಂಜೆ ಕರೆಂಟು ಬಂತೆಂದು ಮೇಣದಬತ್ತಿ ಊದಿ ಆರಿಸಿದೆ. ಆ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಳಕಲ್ಲಿನ ನಮ್ಮ ಇಗರ್ಜಿಯಲ್ಲಿ ಕೂತಿದ್ದೆ. ಇಗರ್ಜಿ ಅಂದಕೂಡಲೇ ನೀವು ಗೋಪುರ, ಗಂಟೆ ಅಂತೆಲ್ಲ ಊಹಿಸಬೇಡಿ. ಹಂಚು ಹೊದಿಸಿದ ಒಂದು ಕೋಣೆ, ನಾಲ್ಕು ಬೆಂಚು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುವ ಫಾದರ್.

ಎಪ್ಪತ್ತರ ದಶಕದ ಕೊನೆ. ಕಲ್ಲಿನ ಖಣಿಯಲ್ಲಿ ದುಡಿದವರ ಮನೆಯ ಮೊದಲ ಬಿ.ಎ. ನಾನು. ಹೇಳಿಕೊಳ್ಳಲು ಈಗಲೂ ನಾಚಿಕೆಯಿಲ್ಲ. ಹೊಟ್ಟೆ ಕಟ್ಟಿ ಓದಿದ್ದೇನೆ. ಬಾಗಲಕೋಟೆಯ ಕಾಲೇಜಿನಿಂದ ಪದವಿಯ ಜೊತೆ ಒಂದು ಅನುಮಾನವನ್ನೂ ತಂದಿದ್ದೆ. ದೇವರು ಇಲ್ಲ ಎನ್ನುವ ಧೈರ್ಯವಿರಲಿಲ್ಲ, ಇದ್ದಾನೆ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಇದ್ದಾನೋ ಇಲ್ಲವೋ ಗೊತ್ತಿಲ್ಲದೆ, ಪೂಜೆಯಲ್ಲಿ ಎದ್ದುಹೋಗಿ ಫಾದರ್ ಕೈಯಿಂದ ಪರಮಪ್ರಸಾದ ತೆಗೆದುಕೊಳ್ಳುವುದು ಸುಳ್ಳು ಸಹಿ ಹಾಕಿದಂತೆ ಅನ್ನಿಸಿ, ಅವ್ವನಿಗೆ ಹೇಳಿಬಿಟ್ಟೆ.

ಅವ್ವ ಅನುಮಾನಕ್ಕೆ ಹೆದರಲಿಲ್ಲ, ಜನಕ್ಕೆ ಹೆದರಿದಳು.

"ಪ್ರಸಾದಕ್ಕ ಏಳದವರು ಯಾರೋ? ದೊಡ್ಡ ಪಾಪ ಮಾಡಿದವರು. ಬಿ.ಎ. ಓದಿ ಅನುಮಾನ ಬಂದೈತಿ ಅಂತ ಯಾರ ತಿಳೀತಾರ? ಬಾಗಲಕೋಟ್ಯಾಗ ಯಾವಕಿನ್ನೋ ಇಟಗೊಂಡಾನ ಅಂತಾರ!"

ನನಗೆ ನಗು ಬಂತು. ಹುಡುಗಿಯರ ಎದುರು ಕೈಯ ಪುಸ್ತಕ ಬೀಳಿಸುತ್ತಿದ್ದವನಿಗೆ ಅಷ್ಟು ದೊಡ್ಡ ಹೆಸರು! ಅವ್ವ ನಗಲಿಲ್ಲ. ಆ ಭಾನುವಾರವೇ ತಂಗಿಯನ್ನು ನೋಡಲು ವರನ ತಾಯಿ ಬರುವವರಿದ್ದರು, ಪೂಜೆಗೂ ನಿಲ್ಲುವವರಿದ್ದರು. ಅಣ್ಣನ ಮೇಲೆ ಇಂಥ ಮಾತು ಬಂದರೆ ಸಂಬಂಧ ಮುರಿದಂತೆಯೇ.

ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರು. ತಂಗಿಗಾಗಿಯಾದರೂ ಏಳಬೇಕೆಂದುಕೊಂಡೆ, ಕಾಲು ಕೇಳಲಿಲ್ಲ. ಪಕ್ಕದಲ್ಲಿ ಅರ್ಧ ಎದ್ದಿದ್ದ ಅವ್ವ ನನ್ನ ಮುಖ ನೋಡಿ ಮತ್ತೆ ಕೂತಳು. ತಿಂಗಳಿಡೀ ಆ ಒಂದು ಗಳಿಗೆಗೆ ಕಾಯುತ್ತಿದ್ದವಳು.

ಹೊರಗೆ ವರನ ತಾಯಿ ಕೇಳಿಯೇ ಕೇಳಿದರು: "ಯಾಕ್ರಿ ಅಕ್ಕಾರ, ತಾಯಿ ಮಗಾ ಇಬ್ರೂ ಏಳಲಿಲ್ಲ?"

"ಮೊಣಕಾಲ ಹಿಡದಾವ್ರಿ. ಇಂವಾ ನನ್ನ ಬಿಟ್ಟು ಏಳಂಗಿಲ್ಲ."

"ಇಂಥಾ ಮಗಾ ಇದ್ದ ಮನಿ ಸಿಗಬೇಕಲ್ರಿ!"

ಇಗರ್ಜಿಯ ಅಂಗಳದಲ್ಲೇ ಸುಳ್ಳು! ಅಷ್ಟೇ ಅಲ್ಲ, ನನ್ನ ಹೆಗಲಿಗೆ ಕೈಕೊಟ್ಟು ಮನೆತನಕ ಕುಂಟುತ್ತಲೇ ನಡೆದಳು. ನಡುದಾರಿಯಲ್ಲಿ ಕುಂಟುವ ಕಾಲು ಬದಲಾದದ್ದನ್ನು ನಾನೊಬ್ಬನೇ ಕಂಡೆ.

ಸಂಬಂಧ ಕುದುರಿತು. ಅವರನ್ನು ಬಸ್ಸು ಹತ್ತಿಸಿ ಬಂದು ಕೇಳಿದೆ: "ಅವ್ವಾ, ನನ್ನ ಸಲುವಾಗಿ ನಿನ್ನ ಪ್ರಸಾದ ತಪ್ಪಿತಲ್ಲ?"

ಒಲೆ ಊದುತ್ತ ಅಂದಳು: "ಫಾದರ್ ಮುಂದಿನ ತಿಂಗಳಾ ಮತ್ತ ಬರ್ತಾರ. ನೀ ಒಬ್ಬಾವನ ಕುಂತು, ಬ್ಯಾಸರಾಗಿ ಎದ್ದು ಹ್ವಾದ್ರ, ಮತ್ತ ಬರ್ತಿದ್ದೇನು?"

ಅವ್ವ ಈಗಿಲ್ಲ. ದೇವರ ವಿಷಯ ನನಗಿನ್ನೂ ಗೊತ್ತಾಗಿಲ್ಲ. ಆದರೆ ನೀವು ಯಾವ ಜನ ಎಂದು ಯಾರಾದರೂ ಕೇಳಿದರೆ, ಕಥೋಲಿಕರು ಅನ್ನಲು ತಡವರಿಸುವುದಿಲ್ಲ.

ಇವತ್ತು ಭಾನುವಾರ, ಇಗರ್ಜಿಗೆ ಹೋಗಿದ್ದೆ. ಪ್ರಸಾದಕ್ಕೆ ಎಲ್ಲರೂ ಎದ್ದಾಗ ಎಂದಿನಂತೆ ಕೂತೇ ಇದ್ದೆ. ಆಚೆ ಬೆಂಚಿನಲ್ಲಿ ಒಬ್ಬ ಹೆಣ್ಣುಮಗಳು ತಲೆ ತಗ್ಗಿಸಿ ಒಬ್ಬಳೇ ಉಳಿದಿದ್ದಳು. ಯಾಕೆಂದು ಕೇಳಲಿಲ್ಲ. ಎದ್ದು ಹೋಗಿ ಅದೇ ಬೆಂಚಿನ ತುದಿಗೆ ಕೂತೆ.