ಅರ್ಧ ಟಿಕೆಟ್ ಅಕ್ಕ

ಹನ್ನೆರಡು ತುಂಬದ ಮಕ್ಕಳಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್. ಕಂಡಕ್ಟರ್ ಆದಾಗಿನಿಂದ ಅವಳ ಜಗಳವೆಲ್ಲ ಇದಕ್ಕೇ. ಮೀಸೆ ಚಿಗುರಿದ ಮಗನನ್ನು ಮಡಿಲಿಗೆ ಎಳೆದುಕೊಂಡು "ಇವನಿಗಿನ್ನೂ ಹನ್ನೊಂದು ಅಕ್ಕಾ" ಎನ್ನುವವರಿಗೆ, "ಹಾಲು ಬಿಡಿಸಿದ್ರಾ, ಇನ್ನೂ ಇಲ್ವಾ?" ಎಂದು ಕೇಳಿ ಬಸ್ಸನ್ನೆಲ್ಲ ನಗಿಸುವಳು. ಹಾಗಾಗಿ ಎಲ್ಲರಿಗೂ ಅವಳು ಅರ್ಧ ಟಿಕೆಟ್ ಅಕ್ಕ. ಸುಳ್ಳು ಅವಳಿಗೆ ಹೊಸದಲ್ಲ, ಆದರೆ ಎಲ್ಲರೂ ವಯಸ್ಸನ್ನು ಇಳಿಸುತ್ತಿದ್ದರು.

ಆ ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿಯವನೊಬ್ಬ, ಪಕ್ಕದಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡ ಪುಟ್ಟ ಹುಡುಗಿ. ಕೊನೆಯ ಸ್ಟಾಪಿಗೆ ಟಿಕೆಟ್ ಕೇಳಿದ.

"ಎರಡೂ ಫುಲ್ ಕೊಡಿ. ನನ್ನ ತಂಗಿ ಮಗಳು, ಹದಿನೆಂಟು ತುಂಬಿದೆ."

ಇಂಥ ಪ್ರಾಮಾಣಿಕರೂ ಇದ್ದಾರಲ್ಲ ಎಂದು ಅಕ್ಕನಿಗೆ ಖುಷಿಯಾಯಿತು. ನಾಲ್ಕು ಸೀಟು ದಾಟುವಷ್ಟರಲ್ಲಿ ಆ ಖುಷಿ ಆರಿಹೋಯಿತು. ಕೇಳದೇ ವಯಸ್ಸು ಯಾಕೆ ಹೇಳಿದ? ಬೆಳವಣಿಗೆ ಕಡಿಮೆಯ ಹುಡುಗಿಯೂ ಆಗಿರಬಹುದು. ಸೋದರಮಾವನನ್ನೇ ಅನುಮಾನಿಸಿ ನಾಲ್ಕು ಜನರೆದುರು ಮಾನ ಕಳೆದರೆ? ಸುಮ್ಮನಿದ್ದು ಇನ್ನೇನಾದರೂ ಆದರೆ? ಚಿಲ್ಲರೆ ಕೊಡುವ ನೆಪದಲ್ಲಿ ಮತ್ತೆ ಹಿಂದಕ್ಕೆ ಹೋದಳು.

"ಎಷ್ಟು ವಯಸ್ಸು, ಪುಟ್ಟಿ?"

"ಹದಿನೆಂಟು," ಎಂದು ಹುಡುಗಿ ಮಗ್ಗಿಯಂತೆ ಒಪ್ಪಿಸಿ, ಅಲ್ಲಾಡುವ ಹಲ್ಲೊಂದನ್ನು ನಾಲಿಗೆಯಿಂದ ತಳ್ಳತೊಡಗಿದಳು.

"ನಿಮ್ಮಮ್ಮ ಇವರನ್ನ ಏನಂತ ಕರೀತಾರೆ?"

"ಸಾರ್ ಅಂತಾರೆ."

ಅಣ್ಣನನ್ನು ಯಾವ ತಂಗಿ ಸಾರ್ ಎನ್ನುತ್ತಾಳೆ? ಅಕ್ಕ ಮುಂದೆ ಬಂದು ಡ್ರೈವರನ ಕಿವಿಯಲ್ಲಿ ವಿಷಯ ಹೇಳಿದಳು. "ಊರ ಉಸಾಬರಿ ನಿಂಗ್ಯಾಕೆ ಮಾರಾಯ್ತಿ" ಎಂದು ಗೊಣಗಿದರೂ, ಅವನು ಬಸ್ಸನ್ನು ನೇರ ಪೊಲೀಸ್ ಠಾಣೆಯ ಅಂಗಳಕ್ಕೆ ತಿರುಗಿಸಿದ. ಇಸ್ತ್ರಿ ಅಂಗಿಯವನು ಹಾರಿ ಓಡಿದ, ಗೇಟಿನಲ್ಲೇ ಸಿಕ್ಕಿಬಿದ್ದ.

ಕೆಲಸದ ಆಸೆ ತೋರಿಸಿ ಮಕ್ಕಳನ್ನು ಮಾರುವವನು, ಯಾರೂ ತಡೆಯದಿರಲೆಂದು ಹದಿನೆಂಟು ಎನ್ನಲು ಕಲಿಸಿರುತ್ತಾನೆ ಎಂದರು ಪೊಲೀಸರು. ಎಲ್ಲರೂ ಅಕ್ಕನನ್ನು ಹೊಗಳಿದರು. ಹುಡುಗಿ ಮಾತ್ರ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಅಕ್ಕ ಹತ್ತಿರ ಹೋದಾಗ ಮುಷ್ಟಿ ಬಿಚ್ಚಿ, ಬೆವರಿಗೆ ಒದ್ದೆಯಾದ ಟಿಕೆಟ್ ತೋರಿಸಿದಳು.

"ಕೆಲಸ ಸಿಗುತ್ತೆ ಅಂತ ಅಮ್ಮ ಕಳಿಸಿದ್ದು. ನಂದು ಫುಲ್ ಟಿಕೆಟ್ ಅಲ್ವಾ, ಕೊನೇ ಸ್ಟಾಪಿನವರೆಗೂ ಇದೆ. ಯಾಕೆ ಇಳಿಸಿದ್ರಿ?"

ಟಿಕೆಟ್ಟಿನ ಜಗಳದಲ್ಲಿ ಅಕ್ಕ ಯಾರಿಗೂ ಸೋತವಳಲ್ಲ. ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಈ ಮಗುವಿನೊಡನೆ ವಾದಕ್ಕಿಳಿಯದೆ, ಹೆಗಲ ಚೀಲವನ್ನು ಮಡಿಲಿಗೆ ತಂದುಕೊಂಡು ಪಕ್ಕದಲ್ಲಿ ಕೂತಳು.