ಗಾಜಿನೊಳಗೆ ಬೆಳೆದ ಮಗ

ಮದ್ದೂರಿನ ಗಾಜಿನಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರೂಪ ಸತ್ತವರ ಚಿತ್ರ ಬರೆಯುತ್ತಾಳೆಂದು ಜನ ಆಡಿಕೊಳ್ಳುತ್ತಿದ್ದರು. ಕಿರುಗಾವಲಿನ ಆ ಹೆಣ್ಣುಮಗಳು ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದು ಬರೆಯುತ್ತಿದ್ದುದು ಬದುಕಿರುವವರನ್ನೇ, ಆದರೆ ಒಳಗಿನಿಂದ, ಆಸ್ಪತ್ರೆಯಲ್ಲಿ ತೆಗೆದ ತಲೆಯ ಸ್ಕ್ಯಾನುಗಳನ್ನು ನೋಡಿಕೊಂಡು. ತಲೆಯ ಸ್ಕ್ಯಾನೆಂದರೆ ಮೂಗಿನ ತುದಿಯಿಂದ ಹಿಂದಲೆಯವರೆಗೆ ತಲೆಯನ್ನು ಬ್ರೆಡ್ಡಿನಂತೆ ತೆಳ್ಳಗೆ ಹೆಚ್ಚಿ ತೋರಿಸುವ ಚಿತ್ರಗಳು. ಒಂದೊಂದು ಚೂರನ್ನೂ ಒಂದೊಂದು ಗಾಜಿನ ಹಾಳೆಯ ಮೇಲೆ ಬಿಳಿ ಮಸಿಯಲ್ಲಿ ಬರೆದು, ಹಾಳೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಕೆಳಗಿನಿಂದ ದೀಪ ಹಾಕಿದರೆ ಮಂಜು ಹೆಪ್ಪುಗಟ್ಟಿದಂತೆ ಮುಖವೊಂದು ಮೂಡುತ್ತಿತ್ತು. ಪಕ್ಕದಿಂದ ನೋಡಿದರೆ ಬರೀ ಗಾಜು.

ಎಳನೀರಿನ ಟೆಂಪೊ ಓಡಿಸುವ ಶಿವಪುರದ ಬೋರಯ್ಯ ಬೈಕಿನಿಂದ ಬಿದ್ದು ತಲೆಯ ಸ್ಕ್ಯಾನು ಮಾಡಿಸಿಕೊಂಡಿದ್ದ. ಏನೂ ಆಗಿರಲಿಲ್ಲ. "ನನ್ ತಲೆನೂ ಬರಿ ಕಣಕ್ಕ, ಒಳಗೇನಾದ್ರೂ ಐತಾ ನೋಡನ" ಎಂದು ನಗುತ್ತ ಸ್ಕ್ಯಾನಿನ ಸಿ.ಡಿ. ಕೊಟ್ಟು ಹೋದ. ಕೆಲಸ ಮುಗಿದ ಮೇಲೆ ನೋಡಲು ತಾಯಿ ಮಂಗಳಮ್ಮನನ್ನೂ ಕರೆತಂದ.

ಮಂಗಳಮ್ಮ ಗಾಜಿನ ಮುಂದೆ ನಿಂತಳು. ಸೆರಗು ಬಾಯಿಗೆ ಹೋಯಿತು.

"ಇವ್ನು ಬೋರ ಅಲ್ಲ."

"ಇವರದೇ ಸ್ಕ್ಯಾನಮ್ಮ" ಎಂದಳು ರೂಪ.

"ಇವ್ನು ಮರಿಸಿದ್ದ ಕಣವ್ವ. ನನ್ ಇನ್ನೊಬ್ಬ ಮಗ."

ಬೋರಯ್ಯನ ಮುಖ ಬಿಳಿಚಿಕೊಂಡಿತು. ರೂಪಳನ್ನು ಬಾಗಿಲಾಚೆ ಕರೆದು ಹೇಳಿದ: ಅವರು ಅವಳಿಗಳು, ಮರಿಸಿದ್ದಯ್ಯ ಮೊದಲು ಹುಟ್ಟಿದವನು. ಇಬ್ಬರಿಗೂ ಹುಟ್ಟಿನಿಂದಲೇ ಹುಬ್ಬಿನ ಮೇಲೊಂದು ಗುಳಿ, ಬೋರಯ್ಯನಿಗೆ ಎಡಕ್ಕೆ, ಮರಿಸಿದ್ದಯ್ಯನಿಗೆ ಬಲಕ್ಕೆ. ತಾಯಿ ಗುರುತು ಹಿಡಿಯುತ್ತಿದ್ದುದೇ ಅದರಿಂದ. ಇಸ್ಕೂಲಿಗೆ ಸೇರುವ ಮುಂಚೆಯೇ ಮರಿಸಿದ್ದಯ್ಯ ನಾಲೆಯ ಪಾಲಾಗಿದ್ದ.

ರೂಪ ಒಳಗೆ ಬಂದು ನೋಡಿದಳು. ಗಾಜಿನ ಮುಖದ ಗುಳಿ ಬಲಕ್ಕಿತ್ತು. ಹಾಳೆಗಳನ್ನೆಲ್ಲ ಮಸಿ ಬರೆದ ಬದಿ ಹಿಂದಾಗುವಂತೆ ನಿಲ್ಲಿಸಿಬಿಟ್ಟಿದ್ದಳು; ಎಡ ಬಲವಾಗಿತ್ತು, ಅಷ್ಟೇ. ಅದನ್ನು ಬಿಡಿಸಿ ಹೇಳಿದಳು. ಮಂಗಳಮ್ಮ ಕೇಳಿಸಿಕೊಳ್ಳಲಿಲ್ಲ.

"ಎಷ್ಟ್ ದೊಡ್ಡೋನಾಗ್ಬುಟ್ಟವ್ನೆ" ಎಂದು ಗಾಜನ್ನು ಸವರಿದಳು.

ಆಮೇಲೆ ಅವಳು ಒಬ್ಬಳೇ ಬಸ್ಸು ಹತ್ತಿ ಬರತೊಡಗಿದಳು. ಹುರಿಗಡಲೆ ಉಂಡೆ ತಂದು ಗಾಜಿನ ಮುಂದಿಟ್ಟು, ಊರಿನ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ನಡುನಡುವೆ ಉತ್ತರ ಕೇಳಿಸಿಕೊಂಡವಳಂತೆ ತಲೆದೂಗುತ್ತಿದ್ದಳು. ಸ್ಕ್ಯಾನಿನಲ್ಲಿ ಬೋರಯ್ಯ ಕಣ್ಣು ಮುಚ್ಚಿ ಮಲಗಿದ್ದ. ಗಾಜಿನಲ್ಲೂ ರೆಪ್ಪೆ ಮುಚ್ಚಿಯೇ ಇತ್ತು. ಆದರೂ ಅದಕ್ಕೆ ಬೆನ್ನು ಹಾಕಿ ಕೂರಲು ರೂಪಳಿಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಾಯಿಯನ್ನು ಕರೆದೊಯ್ಯಲು ಬೋರಯ್ಯ ಬಂದು ಅವಳೆದುರು ನಿಂತ.

"ಸರ್ಕೊಳ್ಳಾ, ಅವ್ನ್ ಮಕ ಕಾಣಾಕಿಲ್ಲ."

"ಅವ್ವಾ, ನಾನು ಬೋರ."

"ಗೊತ್ತು ಬುಡು. ನಿನ್ನ ದಿನಾ ನೋಡ್ತೀನಲ್ಲ."

ಮಾರನೆಯ ದಿನ ಅವನೇ ಬಂದು, "ತಿರುಗ್ಸ್ಬುಡಕ್ಕ" ಎಂದ. ಇಬ್ಬರೂ ಸೇರಿ ಹಾಳೆಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿದರು. ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ಮುಖವಿರಲಿಲ್ಲ, ಬರೀ ಬಿಳಿ ಉಂಗುರ, ಒಳಗೊಂದಿಷ್ಟು ಮೋಡ. ಕೊನೆಯ ಹಾಳೆ ಕೂತಾಗ ಗುಳಿ ಎಡಕ್ಕೆ ಬಂದಿತ್ತು.

ಮಂಗಳಮ್ಮ ಬಂದವಳು ಬಹಳ ಹೊತ್ತು ನೋಡಿದಳು. "ಹೊಂಟೋದ್ನಾ?" ಎಂದಳು. ಬೋರಯ್ಯನ ಗಲ್ಲ ಹಿಡಿದು ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿ, "ನಡಿ" ಎಂದಳು. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಕೆಲವು ತಿಂಗಳಾದ ಮೇಲೆ, ಮಾರುಕಟ್ಟೆಯಲ್ಲಿ ಆಳುಗಳು ಟೆಂಪೊಗೆ ಎಳನೀರು ತುಂಬುತ್ತಿರುವಾಗ, ಬೋರಯ್ಯ ಒಬ್ಬನೇ ಒಳಗೆ ಬಂದ.

"ಒಂದ್ಸಲ ಅವ್ನ್ನ ತೋರ್ಸಕ್ಕ. ಅವ್ವಂಗೆ ಯೋಳ್ಬ್ಯಾಡ."

ರೂಪ ಹಾಳೆಗಳನ್ನು ತಿರುಗಿಸಿ ದೀಪ ಹಾಕಿದಳು. ಬೋರಯ್ಯ ಬಗ್ಗಿ ಗಾಜಿನ ಹತ್ತಿರ ಮುಖ ತಂದ. ಎಲ್ಲಕ್ಕೂ ಮುಂದಿನ ಹಾಳೆಯಲ್ಲಿ ಅವನ ಪ್ರತಿಬಿಂಬ ಬಿತ್ತು. ಗುಳಿಯ ಮೇಲೆ ಗುಳಿ ಕೂತಿತು, ಮೂಗಿನ ಮೇಲೆ ಮೂಗು. ಮುಚ್ಚಿದ್ದ ರೆಪ್ಪೆಗಳ ಮೇಲೆ ಅವನ ತೆರೆದ ಕಣ್ಣುಗಳು ಬಂದು ನಿಂತವು. ಹಿಂದೆ ನಿಂತಿದ್ದ ರೂಪ ಗಾಜಿನೊಳಗಿನಿಂದ ಯಾರೋ ತನ್ನನ್ನೇ ನೋಡಿದಂತಾಗಿ ಗೋಡೆ ಹಿಡಿದುಕೊಂಡಳು.

"ಅಣ್ಣಾ" ಎಂದ ಬೋರಯ್ಯ ಮೆಲ್ಲಗೆ.

ಅವನ ಉಸಿರಿಗೆ ಗಾಜು ಮಬ್ಬಾಯಿತು.