ನನ್ನವಳ ರೈಫಲ್ಲಿನ ಗೂಡು

ರೈಫಲ್ ಹಿಡಿದು ಬೋರಲು ಮಲಗಿದಳೆಂದರೆ ನನ್ನ ಹೆಂಡತಿಗೆ ಲೋಕದ ಪರಿವೆ ಇರುವುದಿಲ್ಲ. ಕುರುಗೋಡಿನ ಮಗಳು, ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ವಾರವಿಡೀ ಬಳ್ಳಾರಿಯಿಂದ ಬಸ್ಸಿನಲ್ಲಿ ಓಡಾಡಿ, ಭಾನುವಾರ ಶೂಟಿಂಗ್ ರೇಂಜಿಗೆ ಹೋಗುತ್ತಾಳೆ. ಐವತ್ತು ಮೀಟರ್ ದೂರದ ಕಾಗದದಲ್ಲಿ ಐದು ಗುಂಡುಗಳನ್ನು ಅಂಗಿಯ ಗುಂಡಿಯಷ್ಟು ಜಾಗದೊಳಗೆ ನೆಡುತ್ತಿದ್ದಳು. ಸತ್ಯನಾರಾಯಣಪೇಟೆಯ ನನ್ನ ಪಾತ್ರೆ ಅಂಗಡಿಗೆ ಬಂದವರಿಗೆಲ್ಲ ಆ ಕಾಗದಗಳನ್ನು ತೋರಿಸುವುದು ನನ್ನ ಚಟ.

ಎರಡು ವರ್ಷದಿಂದ ಗುಂಡುಗಳು ಚೆದುರತೊಡಗಿದವು. “ರೈಫಲ್ಲಿನಾಗ ಏನೋ ಆಗೇತ್ರಿ” ಎಂದಳು. ನನಗೋ ಬಾಯಿ ಮೇಲೆ ಹಿಡಿತವಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಎಲ್ಲರೆದುರೇ ನಗಾಡಿದೆ. ದುಬಾರಿ ವಿದೇಶಿ ತೋಟಾ ತರಿಸಿಕೊಟ್ಟೆ. ಗುರಿ ಇನ್ನೂ ಕೆಟ್ಟಿತು. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಕೊನೆಗೆ ಅವಳೇ ನಂಬಿದಳು. ಆಟ ಬಿಟ್ಟು ರೈಫಲ್ ಮಾರುವುದೆಂದು ತೀರ್ಮಾನಿಸಿ, ಬೆಲೆ ಕೇಳಲು ಕಂಟೋನ್ಮೆಂಟಿನಲ್ಲಿ ಬಂದೂಕು ರಿಪೇರಿ ಮಾಡುವ ಉಸ್ತಾದರ ಬಳಿ ಹೋದೆವು.

ಉಸ್ತಾದರು ಬೆಲೆ ಹೇಳಲಿಲ್ಲ. ಮುಂದಿನ ಭಾನುವಾರ ರೇಂಜಿಗೇ ಬಂದರು. ಅವಳು ಒಂದು ಗುಂಡು ಹಾರಿಸಿದ ಮೇಲೆ, ಹೊರಬಿದ್ದ ಖಾಲಿ ತೋಟಾ ಎತ್ತಿ ಬೆರಳ ತುದಿಯಲ್ಲಿ ಹೊರಳಿಸಿದರು. ನಳಿಗೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು.

“ಬುಡ ಒಂದ್ ಕಡಿ ಊದೇತಿ ನೋಡ್ರಿ. ತೋಟಾ ಕೂಡ್ರೋ ಗೂಡು ಅಗಲಾಗೇತಿ. ಅದು ಒಳಗ ಒರಗಿ ಮಲಗತೈತಿ, ಗುಂಡು ನಳಿಗಿಗೆ ಸೊಟ್ಟ ಹೊಕ್ಕತೈತಿ. ಟೀಚರ್ ಏನ್ ಮಾಡ್ಯಾರು? ಎಮರಿ ಕಾಗದ ಹಾಕಿ ತಿಕ್ಕಿದವರು ಯಾರ್ರಿ?”

ನಾನೇ. ಪ್ರತಿ ಆಯುಧಪೂಜೆಗೆ ಅಂಗಡಿಯ ತಕ್ಕಡಿ, ಸ್ಕೂಟರಿನ ಜೊತೆ ಅವಳ ರೈಫಲ್ಲನ್ನೂ ತಿಕ್ಕುತ್ತಿದ್ದೆ. ಹಿತ್ತಾಳೆ ಬಿಂದಿಗೆಯ ಹಾಗೆ ಒಳಗೂ ಫಳಫಳ ಹೊಳೆಯಬೇಕೆಂಬ ಹಟ. ಕೂದಲೆಳೆಯಷ್ಟು ಉಕ್ಕು ಸವೆದರೂ ಗುರಿ ಕೆಡುತ್ತದೆಂಬ ಅರಿವು ನನಗಿರಲಿಲ್ಲ. ಅವಳ ಮುಂದೆ ತಲೆ ತಗ್ಗಿಸಿ ಒಪ್ಪಿಕೊಂಡೆ.

ಉಸ್ತಾದರು ಎರಡು ಬಗೆಯ ತೋಟಾ ಪಕ್ಕಪಕ್ಕ ಇಟ್ಟು ತೋರಿಸಿದರು. ನಾನು ತರಿಸಿದ ಗುಂಡಿನ ಮೂತಿ ಗಿಡ್ಡ. ನಳಿಗೆಯ ಸುರುಳಿ ಗೆರೆಗಳನ್ನು ಮುಟ್ಟುವಷ್ಟರಲ್ಲೇ ಓರೆಯಾಗುತ್ತದೆ. ಅವರು ತಂದದ್ದು ಅಗ್ಗದ್ದು, ಮೂತಿ ಉದ್ದ. ಕೂತಲ್ಲೇ ಗೆರೆಗಳನ್ನು ಕಚ್ಚಿ ನೆಟ್ಟಗಿರುತ್ತದೆ.

“ಪಕ್ಕಾ ರಿಪೇರಿ ಅಂದ್ರ ನಳಿಗಿ ಹಿಂದಿನ ತುದಿ ಕತ್ತರಿಸಿ ಹೊಸ ಗೂಡು ಕೊರೀಬೇಕು. ಅದನ್ನ ನಾ ಮಾಡ್ತೀನಿ. ಇವತ್ತಿಗೆ ಇವು ಐದು ಹಾಕ್ರಿ, ಸಾಕು.”

ಅಳತೆಯ ಸಾಧನ ತೆಗೆಯದೆ ಬೆರಳಿನಿಂದಲೇ ರೈಫಲ್ಲಿನ ರೋಗ ಪತ್ತೆಹಚ್ಚಿದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವಳು ಐದೂ ಹಾರಿಸಿದಳು. ಕಾಗದ ತಂದಾಗ ಐದು ತೂತುಗಳನ್ನು ಹೆಬ್ಬೆರಳಿನಿಂದ ಮುಚ್ಚಬಹುದಿತ್ತು. ಬೈಯುತ್ತಾಳೆಂದು ಕಾದೆ. ಅವಳು ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡಳು.

“ಹಂಗಾದ್ರ ನನ್ನ ಕೈಗೆ ಏನೂ ಆಗಿಲ್ಲೇನ್ರಿ?”

“ಏನೂ ಆಗಿಲ್ಲ, ಟೀಚರ್” ಎಂದರು ಉಸ್ತಾದರು.

ಎರಡು ವರ್ಷ ಪಕ್ಕದಲ್ಲೇ ಕೂತಿದ್ದವನು ನಾನು. ಅವಳು ಆ ಮಾತು ಕೇಳಿದ್ದು ನನ್ನನ್ನಲ್ಲ.